ಪರದೇಶಕ್ಕೆ ಹೊರಟ ಮಗಳು



ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿದೆ. ಬೇರೆ ದೇಶದವನು ಎಂಬುದು ಅದರ ಮೂಲ ಅರ್ಥ. ಆದರೆ ನಮ್ಮ ಕಡೆ ಆ ಅರ್ಥದಲ್ಲಿ ಅದನ್ನು ಆಡುವವರು ಕಡಿಮೆ. ಹಿಂದೆ ಮುಂದೆ ಯಾರೂ ಇಲ್ಲದವರು ಪರದೇಶಿ. ತಾಯಿ ಸತ್ತ ಕೂಸು ಪರದೇಶಿ. ಗಂಡ ಬಿಟ್ಟುಹೋದ ಹೆಣ್ಣುಮಗಳು ಎದೆ ಬಡಿದುಕೊಂಡು ಅಳುವಾಗ ‘ನನ್ನ ಪರದೇಶಿ ಮಾಡಿ ಹೋದ್ಯಲ್ಲೋ’ ಎನ್ನುತ್ತಾಳೆ. ನಾನು ಇರುವುದು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವ ಭಾಗದಲ್ಲಿ. ಮನೆಯೊಳಗೆ ಕನ್ನಡ, ತಹಸೀಲ ಕಚೇರಿಯಲ್ಲಿ ಮರಾಠಿ. ಮರಾಠಿಯಲ್ಲಿ ‘ಪರದೇಶಿ’ ಎಂದರೆ ಹೆಚ್ಚಾಗಿ ವಿದೇಶದ್ದು. ಅಲ್ಲಿ ಆ ಮಾತಿಗೆ ಇಷ್ಟು ಕಣ್ಣೀರಿಲ್ಲ. ಒಂದೇ ಪದ ಒಂದೇ ಓಣಿಯಲ್ಲಿ ಎರಡು ಥರ ನಡೆದಾಡುತ್ತದೆ.

ಮೂರು ವರ್ಷದ ಹಿಂದಿನ ಮಾತು. ನನ್ನ ಕೈಯಲ್ಲಿ ಅಕ್ಷರ ಕಲಿತ ಹುಡುಗಿಯೊಬ್ಬಳು ನರ್ಸಿಂಗ್ ಮುಗಿಸಿ, ಜರ್ಮನ್ ಭಾಷೆಯ ಪರೀಕ್ಷೆ ಪಾಸು ಮಾಡಿ, ಅಲ್ಲಿನ ಒಂದು ಆಸ್ಪತ್ರೆಯ ಕೆಲಸಕ್ಕೆ ಹೊರಟಳು. ಎಸ್.ಟಿ. ಸ್ಟ್ಯಾಂಡಿನಲ್ಲಿ ಅವಳ ತಾಯಿ ನನ್ನ ಕೈ ಹಿಡಿದು, ‘ಬಾಯೋರ, ನನ್ನ ಮಗಳು ಪರದೇಶಿ ಆದಳ್ರಿ’ ಎಂದು ಸೆರಗು ಬಾಯಿಗಿಟ್ಟುಕೊಂಡಳು. ಹುಡುಗಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ತಿರುಗಿ ನೋಡಿ, ‘ಪರದೇಶಿ ಅಲ್ಲವ್ವ, ಪರದೇಶಕ್ಕ ಹೊಂಟೀನಿ’ ಅಂದಳು. ಕಂಡಕ್ಟರ್ ಗಂಟೆ ಬಾರಿಸಿದ. ಆ ಎರಡು ಪದಗಳ ನಡುವೆ ಎಷ್ಟು ಅಂತರವಿದೆ ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ. ಇವತ್ತಿನ ನನ್ನ ಮಾತು ಅದರ ಬಗ್ಗೆಯೇ. ದೂರದ ನಾಡಿಗೆ ಹೋದ ಹುಡುಗಿ, ಅಲ್ಲಿ ತನ್ನನ್ನು ತಾನು ಕಂಡುಕೊಳ್ಳುವ ಕಥೆ, ಮತ್ತು ಆ ಕಥೆ ನಮ್ಮ ಕಾದಂಬರಿಗಳಲ್ಲಿ ಬಂದದ್ದು, ಬಾರದೆ ಉಳಿದದ್ದು.

ನನ್ನ ಹರೆಯದ ದಿನಗಳಲ್ಲಿ ಜತ್ತದ ಹಳ್ಳಿಗೆ ಕನ್ನಡ ಪುಸ್ತಕ ಬರುವುದೆಂದರೆ ದೊಡ್ಡ ಸಂಗತಿ. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾದಾಗ ನಾವು ಇತ್ತ ಉಳಿದೆವು. 1967ರ ಮಹಾಜನ ಆಯೋಗದ ವರದಿ ನಮ್ಮ ತಾಲ್ಲೂಕಿನ ಹಲವು ಹಳ್ಳಿಗಳು ಕರ್ನಾಟಕಕ್ಕೆ ಸೇರಬೇಕೆಂದಿತು. ವರದಿ ವರದಿಯಾಗಿಯೇ ಉಳಿಯಿತು. ಶಾಲೆಯ ಪಠ್ಯಪುಸ್ತಕ ಮಾತ್ರ ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲೇ ಅಚ್ಚಾಗಿ ಬರುತ್ತಿತ್ತು, ಈಗಲೂ ಬರುತ್ತದೆ. ಕಥೆ ಕಾದಂಬರಿ ಬೇಕಾದರೆ ವಿಜಯಪುರಕ್ಕೆ ಹೋಗಿಬಂದವರ ಚೀಲವನ್ನೇ ನೋಡಬೇಕು. ಸಂತೆಗೆ ಹೋದ ಮಾವ, ಆಸ್ಪತ್ರೆಗೆ ಹೋದ ಅತ್ತೆ, ಯಾರಾದರೂ ಸರಿ, ಚೀಲದ ತಳದಲ್ಲಿ ಒಂದು ‘ಸುಧಾ’, ಒಂದು ‘ಕರ್ಮವೀರ’, ಅದೃಷ್ಟವಿದ್ದರೆ ತ್ರಿವೇಣಿಯವರ ಒಂದು ಕಾದಂಬರಿ ಇರುತ್ತಿತ್ತು. ಹುಬ್ಬಳ್ಳಿಯ ‘ಕಸ್ತೂರಿ’ ಮಾಸಿಕದ ಕೊನೆಯಲ್ಲಿ ಪುಸ್ತಕ ವಿಭಾಗ ಎಂದು ಬರುತ್ತಿತ್ತು. ದೇಶವಿದೇಶದ ಯಾವುದೋ ಒಂದು ಪುಸ್ತಕವನ್ನು ಸಂಗ್ರಹಿಸಿ ಕೊಡುತ್ತಿದ್ದರು. ಸಮುದ್ರ ನೋಡದ ನಾನು, ಹಡಗಿನ ಅಟ್ಟದ ಮೇಲೆ ಒಬ್ಬಳೇ ನಿಂತ ಹುಡುಗಿಯನ್ನು ಮೊದಲು ಕಂಡದ್ದು ಆ ಪುಟಗಳಲ್ಲಿ. ಒಂದು ಪ್ರತಿ ಹತ್ತು ಮನೆ ತಿರುಗಿ ಬರುವಷ್ಟರಲ್ಲಿ ಹೊದಿಕೆ ಕಿತ್ತು, ಮೂಲೆಗಳು ನಾಯಿಯ ಕಿವಿಯಂತೆ ಮಡಚಿಕೊಂಡಿರುತ್ತಿದ್ದವು. ಯಾವ ಪುಟದಲ್ಲಿ ಅರಿಶಿನದ ಬೆರಳಿನ ಗುರುತು ಹೆಚ್ಚಿದೆಯೋ ಆ ಪುಟದಲ್ಲಿ ಕಥೆ ಬಿಗಿಯಾಗಿದೆ ಎಂದು ನಾವು ತಿಳಿಯುತ್ತಿದ್ದೆವು. ಅಡಿಗೆ ಮಾಡುತ್ತ ಓದಿದವರ ಗುರುತು ಅದು.

ಆ ಕಾದಂಬರಿಗಳನ್ನು ನಾನು ಇವತ್ತಿಗೂ ಹಗುರವಾಗಿ ಕಾಣಲಾರೆ. ‘ಹೆಂಗಸರ ಕಾದಂಬರಿ’ ಎಂದು ಮೂಗು ಮುರಿಯುವವರಿಗೆ, ಮಧ್ಯಾಹ್ನದ ಒಂದು ಗಂಟೆ ಬಿಡುವಿನಲ್ಲಿ ಓದುವ ಹೆಣ್ಣುಮಗಳ ಕಷ್ಟ ಗೊತ್ತಿಲ್ಲ. ನಂಜನಗೂಡು ತಿರುಮಲಾಂಬಾ ಅವರು 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದಾಗ ಅವರು ಎಳವೆಯಲ್ಲೇ ವಿಧವೆಯಾಗಿದ್ದ ಹೆಂಗಸು. ಹೆಣ್ಣುಮಕ್ಕಳು ಓದಲೆಂದು ಹೆಣ್ಣುಮಗಳೇ ಬರೆದು, ಅಚ್ಚು ಹಾಕಿಸಿ, ಒಂದರ ಹಿಂದೊಂದು ಪುಸ್ತಕ ಕಳಿಸಿದಳು ಎಂಬುದು ಸಣ್ಣ ಮಾತಲ್ಲ. ಮಾಲೆ ಎಂದರೆ ಹಾಗೆಯೇ: ಒಂದು ಹೂವಿನ ವಾಸನೆ ಹೋಗುವ ಮುನ್ನ ಇನ್ನೊಂದು ಕೈಗೆ ಬರಬೇಕು. ಓದುವವಳಿಗೆ ನಾಯಕಿ ಗೆಳತಿಯಾಗುತ್ತಾಳೆ. ಮುಂದಿನ ವಾರ ಅವಳಿಗೆ ಏನಾಯಿತೋ ಎಂದು ಜೀವ ತಡೆಯದು.

ಆದರೆ ನಮ್ಮ ಪ್ರೇಮದ ಕಾದಂಬರಿಗಳಲ್ಲಿ ಒಂದು ಸಂಗತಿ ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಅಲ್ಲಿ ಫಾರಿನ್ನಿಗೆ ಹೋಗುವವನು ಹುಡುಗ. ಹುಡುಗಿ ಕಾಯುವವಳು. ತ್ರಿವೇಣಿಯವರ ‘ಬೆಳ್ಳಿಮೋಡ’ ನೆನೆಸಿಕೊಳ್ಳಿ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ನಾಯಕಿ ಇಂದಿರೆಯಾದರು. ಮಾವನಾಗುವವನ ಹಣದಲ್ಲಿ ಮೋಹನ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಇಂದಿರೆ ಮಲೆನಾಡಿನ ಎಸ್ಟೇಟಿನಲ್ಲಿ ದಿನ ಎಣಿಸುತ್ತಾಳೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿಗೆ ವಾರಸುದಾರ ಬರುತ್ತಾನೆ. ಮೋಹನನ ಮನಸ್ಸು ಮಗುಚಿಬೀಳುತ್ತದೆ. ಆಮೇಲೆ ಕಾಲು ಮುರಿದುಕೊಂಡು ಬಿದ್ದವನನ್ನು ಇಂದಿರೆಯೇ ಆರೈಕೆ ಮಾಡುತ್ತಾಳೆ. ಕಣ್ಣು ತೆರೆದ ಮೋಹನ ಮದುವೆಯ ಮಾತೆತ್ತಿದಾಗ ಅವಳು ಒಲ್ಲೆ ಎನ್ನುತ್ತಾಳೆ.

ಆ ‘ಒಲ್ಲೆ’ ಓದಿದ ರಾತ್ರಿ ನಾನು ಮಲಗಲಿಲ್ಲ. ಕಂದೀಲಿನ ಕಾಜು ಕಪ್ಪಾಗುವ ತನಕ ಕೂತಿದ್ದೆ. ಇಂದಿರೆ ಎಲ್ಲಿಗೂ ಹೋಗಲಿಲ್ಲ, ಅಮೆರಿಕ ಕಂಡವನು ಮೋಹನ. ಆದರೂ ತಾನು ಯಾರು ಎಂದು ಕಂಡುಕೊಂಡವಳು ಇಂದಿರೆ. ಅದು ತ್ರಿವೇಣಿಯವರ ಹಿರಿಮೆ. ಆದರೆ ಆ ವಯಸ್ಸಿನಲ್ಲಿ ನನ್ನ ಮನಸ್ಸಿಗೆ ಬಂದದ್ದು ಇನ್ನೊಂದು ಪ್ರಶ್ನೆ: ಆ ದುಡ್ಡಿನಲ್ಲಿ ಇಂದಿರೆಯನ್ನೇ ಯಾಕೆ ಕಳಿಸಲಿಲ್ಲ? ನಮ್ಮ ಅವ್ವನನ್ನು ಕೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ, ‘ಹೆಣ್ಣ ಹೊಸ್ತಲಾ ದಾಟೂದ ಒಮ್ಮೆ, ಅತ್ತೀ ಮನಿಗೆ. ಅದ ನಮಗ ವಿಲಾತಿ’ ಅಂದಳು. ಅವಳ ಮಾತಿನಲ್ಲಿ ಬೇಸರವಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು.

ಆ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಮರಾಠಿಯಲ್ಲಿ. ಎರಡು ಭಾಷೆಯ ನಡುವೆ ಬದುಕುವವರಿಗೆ ಇರುವ ಭಾಗ್ಯ ಅದು. ಡಿ.ಎಡ್. ಕಲಿಯುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಶ್ರೀ. ಜ. ಜೋಶಿಯವರ ‘ಆನಂದೀ ಗೋಪಾಳ’ ಕೊಟ್ಟಳು. 1968ರಲ್ಲಿ ಬಂದ ಕಾದಂಬರಿ. ಡಾಕ್ಟರ್ ಆನಂದೀಬಾಯಿ ಜೋಶಿಯವರ ಬದುಕಿನ ಕಥೆ. ಕಥೆಯನ್ನು ನೀವು ಕೇಳಿರುತ್ತೀರಿ. ಹುಟ್ಟಿದ್ದು 1865ರಲ್ಲಿ, ತವರಿನ ಹೆಸರು ಯಮುನಾ. ಒಂಬತ್ತು ವರ್ಷಕ್ಕೆ ಮದುವೆ. ಗಂಡ ಗೋಪಾಳರಾವ್ ಅವಳಿಗಿಂತ ಬಹಳ ದೊಡ್ಡವರು, ಅಂಚೆ ಕಚೇರಿಯ ನೌಕರಿ. ಮದುವೆಯಲ್ಲಿ ಯಮುನಾ ಹೋಗಿ ಆನಂದೀ ಆದಳು. ನಮ್ಮ ಗಡಿಯ ಕಡೆಯೂ ಹಲವು ಮನೆಗಳಲ್ಲಿ ಅಕ್ಕಿಯಲ್ಲಿ ಬೆರಳಿಂದ ಬರೆದು ಸೊಸೆಯ ಹೆಸರು ಬದಲಿಸುತ್ತಾರೆ. ಹೆಂಡತಿ ಓದಲೇಬೇಕು ಎಂಬುದು ಗೋಪಾಳರಾಯರ ಹಟ. ಹದಿನಾಲ್ಕರ ವಯಸ್ಸಿಗೆ ಹೆತ್ತ ಗಂಡುಮಗು ಹತ್ತು ದಿನಕ್ಕೆ ತೀರಿಕೊಂಡಿತು. ಹೆಂಗಸರನ್ನು ನೋಡಲು ಹೆಣ್ಣು ವೈದ್ಯೆ ಇರಬೇಕು ಎಂಬ ನಿಶ್ಚಯ ಅಲ್ಲಿಂದ ಗಟ್ಟಿಯಾಯಿತು. 1883ರ ಏಪ್ರಿಲ್ ತಿಂಗಳಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿದಳು. ಗಂಡ ಜೊತೆಗಿಲ್ಲ. ವಯಸ್ಸು ಹದಿನೆಂಟು. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜು. 1886ರ ಮಾರ್ಚಿನಲ್ಲಿ ಎಂ.ಡಿ. ಪದವಿ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವಾದದ್ದು ಬೇರೆ. ಅಮೆರಿಕದಿಂದ ಆನಂದೀಬಾಯಿ ಗಂಡನಿಗೆ ಮರಾಠಿಯಲ್ಲಿ ಬರೆದ ಪತ್ರಗಳು ಉಳಿದಿವೆ. ಅವುಗಳಲ್ಲಿ ಒಂದು ಪತ್ರವಿದೆ. ಹತ್ತು ವರ್ಷದ ತನ್ನನ್ನು ಕಟ್ಟಿಗೆಯ ತುಂಡಿನಿಂದ ಹೊಡೆದದ್ದು, ಹನ್ನೆರಡರಲ್ಲಿ ಕುರ್ಚಿ ಪುಸ್ತಕ ಎಸೆದದ್ದು, ಬಿಟ್ಟುಹೋಗುತ್ತೇನೆ ಎಂದು ಹೆದರಿಸಿದ್ದು, ಇವನ್ನೆಲ್ಲ ಒಂದೊಂದಾಗಿ ಎಣಿಸಿ ಬರೆಯುತ್ತಾಳೆ. ಬೈಗುಳವಿಲ್ಲ, ಶಾಪವಿಲ್ಲ. ನಿಮ್ಮ ಉದ್ದೇಶವನ್ನು ನೋಡಿದರೆ ಸರಿ ಅನ್ನಿಸಬಹುದು, ಆದರೆ ಒಂದು ಮಗುವಿನ ಮನಸ್ಸಿಗೆ ಅದು ಏನು ಮಾಡುತ್ತದೆ ಎಂದು ನೋಡಿದರೆ ತಪ್ಪು ಎಂದೇ ಹೇಳಬೇಕಾಗುತ್ತದೆ ಎಂಬ ತಾತ್ಪರ್ಯದ ಮಾತು ಬರುತ್ತದೆ. ಎಷ್ಟು ತೂಗಿ ಆಡಿದ ಮಾತು ನೋಡಿ. ತನ್ನನ್ನು ಓದಿಸಿದವನು ಅವನೇ, ಹೊಡೆದವನೂ ಅವನೇ. ಎರಡನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು, ಮುಳ್ಳು ಎಲ್ಲಿ ನಿಂತಿತೋ ಅಲ್ಲಿಗೆ ಕೈ ಬಿಡುತ್ತಾಳೆ.

ಪತ್ರದ ಈ ಮಾತನ್ನು ಅವಳು ಎದುರಿಗೆ ಕೂತು ಆಡಬಹುದಿತ್ತೇ? ಆಗುತ್ತಿರಲಿಲ್ಲ. ಒಂದೇ ಸೂರಿನಡಿ, ಅವನ ಊಟದ ತಟ್ಟೆ ಎತ್ತುತ್ತ, ಅವನ ಕಾಲಿನ ಸಪ್ಪಳಕ್ಕೆ ಎದ್ದು ನಿಲ್ಲುತ್ತ ಆ ಮಾತು ಗಂಟಲಿಂದ ಮೇಲೆ ಬರುವುದಿಲ್ಲ. ನಡುವೆ ಒಂದು ಸಮುದ್ರ ಬೇಕಾಯಿತು. ಪತ್ರ ತಲುಪಲು ವಾರಗಳು ಬೇಕು, ಸಿಟ್ಟಿನ ಉತ್ತರ ಬರಲು ಮತ್ತೆ ವಾರಗಳು ಬೇಕು. ಆ ವಾರಗಳೇ ಅವಳಿಗೆ ಸಿಕ್ಕ ಸ್ವಾತಂತ್ರ್ಯ. ಪರದೇಶದಲ್ಲಿ ಹುಡುಗಿ ತನ್ನನ್ನು ತಾನು ಕಂಡುಕೊಂಡಳು ಎಂದು ಪುಸ್ತಕದ ಹಿಂಬದಿಯಲ್ಲಿ ಅಚ್ಚು ಹಾಕಿರುತ್ತಾರಲ್ಲ, ನನ್ನ ಮಟ್ಟಿಗೆ ಅದರ ಅರ್ಥ ಇಷ್ಟು: ಮನೆಯವರಿಗೆ ಹೇಳಬೇಕಾದ ಮಾತು ಅವಳಿಗೆ ಸಿಕ್ಕಿತು. ಹೊಸ ಊರು, ಹಿಮ, ಹೊಸ ಬಟ್ಟೆ, ಹೊಸ ಗೆಳೆಯ, ಇವೆಲ್ಲ ಇರಲಿ, ಬೇಡವೆನ್ನುವುದಿಲ್ಲ. ಆದರೆ ದೂರ ಕೊಡುವ ದೊಡ್ಡ ಉಡುಗೊರೆ ಮಾತು.

ಆನಂದೀಬಾಯಿ ಪದವಿ ಪಡೆದ ಸಮಾರಂಭಕ್ಕೆ ಇಂಗ್ಲೆಂಡಿನಿಂದ ಪಂಡಿತಾ ರಮಾಬಾಯಿ ಬಂದಿದ್ದರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಮನೆತನ ಕಾರ್ಕಳದ ಹತ್ತಿರದ ಮಾಳದ್ದು. ಅಂದರೆ ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬಳು, ಮರಾಠಿ ಮನೆಯ ಇನ್ನೊಬ್ಬಳು, ಫಿಲಡೆಲ್ಫಿಯಾದ ಒಂದೇ ಸಭಾಂಗಣದಲ್ಲಿ. ಆ ದೃಶ್ಯ ನನಗೆ ಎಷ್ಟು ಸಲ ಕಣ್ಣ ಮುಂದೆ ಬಂದಿದೆಯೋ. ರಮಾಬಾಯಿ ಮರಳಿ ಬಂದು 1889ರಲ್ಲಿ ಅಮೆರಿಕದ ಕುರಿತು ಮರಾಠಿಯಲ್ಲಿ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು. ಆನಂದೀಬಾಯಿಗೆ ಆ ಅವಕಾಶ ಸಿಗಲಿಲ್ಲ. ನಮ್ಮ ಪಕ್ಕದ ಕೊಲ್ಲಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಿಭಾಗಕ್ಕೆ ಅವರನ್ನು ನೇಮಿಸಿದ್ದರು. ಕ್ಷಯ ಬಿಡಲಿಲ್ಲ. 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ ಪುಣೆಯಲ್ಲಿ ತೀರಿಕೊಂಡರು. ಅವರ ಬೂದಿಯನ್ನು ಅಮೆರಿಕದಲ್ಲಿ ತಾಯಿಯಂತೆ ನೋಡಿಕೊಂಡಿದ್ದ ಕಾರ್ಪೆಂಟರ್ ಎಂಬ ಮಹಿಳೆಗೆ ಕಳಿಸಿದರು. ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಎಂಬ ಊರಿನ ಸ್ಮಶಾನದಲ್ಲಿ ಆ ಮನೆಯವರ ಸಾಲಿನಲ್ಲೇ ಒಂದು ಕಲ್ಲು ನಿಂತಿದೆ. ಕೊಲ್ಲಾಪುರಕ್ಕೆ ಹೋದಾಗಲೆಲ್ಲ ನನಗೆ ಅಂಬಾಬಾಯಿಯ ಗುಡಿಯ ಜೊತೆಗೆ ಈ ಡಾಕ್ಟರ್ ಬಾಯಿಯೂ ನೆನಪಾಗುತ್ತಾರೆ.

ಇನ್ನೊಂದು ಪುಸ್ತಕದ ಮಾತು ಹೇಳಬೇಕು. ಇಂಗ್ಲಿಷಿನ ಶಾರ್ಲೆಟ್ ಬ್ರಾಂಟೆ ಬರೆದ ‘ವಿಲೆಟ್’, 1853ರದ್ದು. ಬ್ರಾಂಟೆ ತಾನೇ 1842ರಲ್ಲಿ ತಂಗಿ ಎಮಿಲಿಯ ಜೊತೆ ಬ್ರಸೆಲ್ಸಿಗೆ ಹೋಗಿ, ಅಲ್ಲಿನ ಒಂದು ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಕಲಿತು, ಕಲಿಸಿ ಬಂದವಳು. ಕಾದಂಬರಿಯ ಲೂಸಿ ಸ್ನೋ ಹಿಂದೆ ಮುಂದೆ ಯಾರೂ ಇಲ್ಲದ ಹುಡುಗಿ. ನಮ್ಮ ಕನ್ನಡದ ಅರ್ಥದಲ್ಲೂ ಪರದೇಶಿ, ಮರಾಠಿಯ ಅರ್ಥದಲ್ಲೂ ಪರದೇಶಿ. ಗೊತ್ತಿಲ್ಲದ ದೇಶಕ್ಕೆ ರಾತ್ರಿ ಹೊತ್ತು ಬಂದಿಳಿಯುತ್ತಾಳೆ. ಅಲ್ಲಿನ ಭಾಷೆ ಬಾಯಿಗೆ ಬಾರದು. ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದವಳನ್ನು ಶಾಲೆಯ ಯಜಮಾನಿ ಒಂದು ದಿನ ಇದ್ದಕ್ಕಿದ್ದಂತೆ ತರಗತಿಯೊಳಗೆ ನೂಕುತ್ತಾಳೆ. ಒಳಗೆ ಅರವತ್ತು ಹುಡುಗಿಯರು, ಗದ್ದಲವೇ ಗದ್ದಲ. ಲೂಸಿಗೆ ಬೈಯುವಷ್ಟು ಫ್ರೆಂಚ್ ಬಾರದು. ಆಗ ಏನು ಮಾಡುತ್ತಾಳೆ ಗೊತ್ತೇ? ಎಲ್ಲರಿಗಿಂತ ಜಂಬದ ಹುಡುಗಿಯ ಬರಹವನ್ನು ಎತ್ತಿ ಓದಿ ಹರಿದುಹಾಕುತ್ತಾಳೆ. ಬಾಗಿಲ ಪಕ್ಕದಲ್ಲಿ ನಿಂತು ಕಿರುಚುವ ಇನ್ನೊಬ್ಬಳನ್ನು ಅಲ್ಲೇ ಇದ್ದ ಕೋಣೆಯೊಳಗೆ ದಬ್ಬಿ ಬೀಗ ಹಾಕುತ್ತಾಳೆ. ತರಗತಿ ತೆಪ್ಪಗಾಗುತ್ತದೆ. ನಾನು ಮಾಸ್ತರಿಕೆ ಮಾಡಿದವಳು. ಆ ಉಪಾಯವನ್ನು ಒಪ್ಪುವುದಿಲ್ಲ. ಆದರೆ ಮಾತು ಬಾರದ ಊರಿನಲ್ಲಿ, ಅರವತ್ತು ಜೊತೆ ಕಣ್ಣು ನೆಟ್ಟ ಆ ಗಳಿಗೆಯಲ್ಲಿ ಅಂಗೈ ಬೆವರುವುದು ಎಂಥದ್ದು ಎಂದು ನನಗೆ ಗೊತ್ತು. ನನ್ನ ನೌಕರಿಯ ಮೊದಲ ವರ್ಷ ಮರಾಠಿ ಶಾಲೆಯೊಂದರಲ್ಲಿ ಕಳೆಯಿತು.

ಲೂಸಿಗೆ ಅಲ್ಲಿ ಪಾಲ್ ಎಂಬ ಸಿಡುಕು ಪ್ರೊಫೆಸರನ ಪ್ರೀತಿ ಸಿಗುತ್ತದೆ. ಅವನು ಮೂರು ವರ್ಷ ಕಡಲಾಚೆ ಹೋಗುವ ಮುನ್ನ ಅವಳಿಗಾಗಿ ಒಂದು ಪುಟ್ಟ ಶಾಲೆ ಮಾಡಿಕೊಟ್ಟು ಹೋಗುತ್ತಾನೆ. ಅವನು ಮರಳಿ ಬಂದನೋ, ಬಿರುಗಾಳಿಗೆ ಸಿಕ್ಕನೋ, ಬ್ರಾಂಟೆ ಬಾಯಿ ಬಿಟ್ಟು ಹೇಳುವುದಿಲ್ಲ. ಅವನಿಲ್ಲದ ಆ ಮೂರು ವರ್ಷ ತನ್ನ ಬದುಕಿನ ಅತಿ ಸುಖದ ಕಾಲ ಎಂದು ಮಾತ್ರ ಲೂಸಿ ಹೇಳಿಕೊಳ್ಳುತ್ತಾಳೆ. ಪ್ರೀತಿ ಇತ್ತು, ಪತ್ರಗಳಿದ್ದವು, ಬೆಳಿಗ್ಗೆ ಎದ್ದರೆ ತನ್ನದೇ ಶಾಲೆಯ ಬಾಗಿಲು ತೆರೆಯುವ ಕೆಲಸವಿತ್ತು. ಪ್ರೇಮದ ಕಥೆಯಲ್ಲಿ ಮದುವೆಯ ಹಂದರಕ್ಕಿಂತ ಒಂದು ಶಾಲೆಯ ಬೀಗದ ಕೈ ದೊಡ್ಡದಾಗಿ ಕಾಣಬಹುದು ಎಂದು ನನಗೆ ತೋರಿಸಿಕೊಟ್ಟ ಪುಸ್ತಕ ಅದು.

ಕನ್ನಡದಲ್ಲಿ ಈ ದಾರಿ ತುಳಿದವರು ಇಲ್ಲವೇ ಇಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ನೇಮಿಚಂದ್ರ ಅವರು ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ಗೆಳತಿಯ ಜೊತೆ ಬೆನ್ನಿಗೊಂದು ಚೀಲ ಹಾಕಿಕೊಂಡು ದೇಶ ಸುತ್ತಿದವರು. ‘ಒಂದು ಕನಸಿನ ಪಯಣ’, ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಎಂಬ ಅವರ ಪ್ರವಾಸ ಕಥನಗಳನ್ನು ನಮ್ಮ ಶಾಲೆಯ ಕಪಾಟಿಗೆ ನಾನೇ ದುಡ್ಡು ಕೊಟ್ಟು ತಂದಿಟ್ಟೆ. 2007ರಲ್ಲಿ ಬಂದ ಅವರ ‘ಯಾದ್ ವಶೇಮ್’ ಕಾದಂಬರಿಯಲ್ಲಿ ಯಾತ್ರೆ ತಿರುವು ಮುರುವಾಗಿದೆ. ನಾಜಿಗಳಿಂದ ತಪ್ಪಿಸಿಕೊಂಡು ತಂದೆಯ ಜೊತೆ ಜರ್ಮನಿಯಿಂದ ಬೆಂಗಳೂರಿಗೆ ಬಂದ ಯಹೂದಿ ಹುಡುಗಿ ಹ್ಯಾನಾ ಅಲ್ಲಿಯ ನಾಯಕಿ. ಅವಳಿಗೆ ನಮ್ಮ ಊರೇ ಪರದೇಶ. ಇಲ್ಲಿ ಬೆಳೆದು, ಇಲ್ಲಿಯ ಮನೆಯ ಸೊಸೆಯಾಗಿ, ಎಷ್ಟೋ ವರ್ಷದ ಮೇಲೆ ತನ್ನವರನ್ನು ಹುಡುಕುತ್ತ ಹೊರಡುತ್ತಾಳೆ. ಯಾದ್ ವಶೇಮ್ ಎಂದರೆ ಹೀಬ್ರೂ ಭಾಷೆಯಲ್ಲಿ ಸ್ಮಾರಕ ಮತ್ತು ಹೆಸರು. ಹೆಸರು ಎಂಬ ಮಾತು ಬಂದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮಲ್ಲಿ ಮದುವೆಯಾಗಿ ಬಂದ ಹೆಂಗಸನ್ನು ಹೆಸರು ಹಿಡಿದು ಕರೆಯುವವರು ಎಷ್ಟು ಮಂದಿ? ಬಿಳೂರಿಂದ ಬಂದವಳು ಬಿಳೂರಾಕಿ, ಉಮದಿಯಿಂದ ಬಂದವಳು ಉಮದ್ಯಾಕಿ. ತವರು ಬಿಟ್ಟು ನಲವತ್ತು ವರ್ಷವಾದರೂ ಅವಳು ಆ ಊರಿನವಳೇ. ಒಂದು ರೀತಿಯಲ್ಲಿ ಎಲ್ಲ ಸೊಸೆಯಂದಿರೂ ಸಾಯುವ ತನಕ ಹೊರಗಿನವರೇ.

ಉಮದಿ ಎಂದೊಡನೆ ಉಮರಾಣಿ ನೆನಪಾಯಿತು. ಉಮರಾಣಿ ನಮ್ಮ ಜತ್ತ ತಾಲ್ಲೂಕಿನದೇ ಹಳ್ಳಿ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಲಿಂಗಮ್ಮ ಎಂಬ ಹುಡುಗಿ ಹುಟ್ಟಿದಳು ಎಂದು ಪರಂಪರೆ ಹೇಳುತ್ತದೆ. ಅವಳು ಊರು ಬಿಟ್ಟು ಕಲ್ಯಾಣಕ್ಕೆ ಹೋದಳು. ದಾಸೋಹದಲ್ಲಿ ಅವಳ ಕೈ ಎಂದೂ ಹಿಂದೆ ಬಾರದ್ದನ್ನು ಕಂಡು ಬಸವಣ್ಣನವರು ದಾನಮ್ಮ ಎಂದು ಕರೆದರು. ಮರಳಿ ಇದೇ ಸೀಮೆಗೆ ಬಂದು ಗುಡ್ಡಾಪುರದಲ್ಲಿ ನೆಲೆ ನಿಂತಳು. ಛಟ್ಟಿ ಅಮಾವಾಸ್ಯೆಗೆ ವಿಜಯಪುರ, ಸೊಲ್ಲಾಪುರದ ದಿಕ್ಕಿನಿಂದ ಸಾವಿರಾರು ಜನ ರಾತ್ರಿಯಿಡೀ ನಡೆದು ಗುಡ್ಡಾಪುರಕ್ಕೆ ಬರುತ್ತಾರೆ. ಅದರಲ್ಲಿ ಹೆಂಗಸರೇ ಹೆಚ್ಚೇನೋ ಅನ್ನಿಸುತ್ತದೆ. ಬರಿಗಾಲು, ತಲೆಯ ಮೇಲೆ ಬುತ್ತಿಯ ಗಂಟು, ಬಾಯಲ್ಲಿ ತಾಯಿಯ ಹಾಡು. ನಾನೂ ಹಲವು ಸಲ ನಡೆದಿದ್ದೇನೆ. ನಸುಕಿನ ಚಳಿಯಲ್ಲಿ ಗುಡಿಯ ದೀಪ ದೂರದಿಂದ ಕಂಡಾಗ ಕಾಲಿನ ಬೊಕ್ಕೆಯ ನೋವು ಮರೆಯುತ್ತದೆ. ನಮ್ಮ ಹೆಂಗಸರು ದೇವಿ ಎಂದು ಕೈ ಮುಗಿಯುವವಳು ಒಂದು ಕಾಲಕ್ಕೆ ತವರಿನ ಹೊಸ್ತಿಲು ದಾಟಿ ದೂರದ ಊರಿಗೆ ಹೋಗಿ, ತನ್ನ ದುಡಿಮೆಯಿಂದ ಹೊಸ ಹೆಸರು ಪಡೆದು ಬಂದ ಹುಡುಗಿ. ಅಕ್ಕಿಯಲ್ಲಿ ಬೆರಳಿಟ್ಟು ಬೇರೆಯವರು ಬದಲಿಸಿದ ಹೆಸರಲ್ಲ ಅದು. ಇದನ್ನು ನಮ್ಮ ಹುಡುಗಿಯರಿಗೆ ಯಾರೂ ಈ ಬಗೆಯಲ್ಲಿ ಬಿಡಿಸಿ ಹೇಳಿಲ್ಲ.

ಹಾಗೆ ನೋಡಿದರೆ ಜತ್ತದ ಹೆಣ್ಣುಮಕ್ಕಳು ಎಂದೂ ಮನೆಯೊಳಗೆ ಕೂತವರಲ್ಲ. ನಮ್ಮದು ಬರಗಾಲದ ಸೀಮೆ. ದೀಪಾವಳಿ ಕಳೆಯಿತೆಂದರೆ ಕಬ್ಬು ಕಡಿಯುವ ಟೋಳಿಗಳು ಪಶ್ಚಿಮಕ್ಕೆ ಹೊರಡುತ್ತವೆ. ಕೃಷ್ಣೆ, ಪಂಚಗಂಗೆಯ ದಂಡೆಯ ಹೊಲಗಳಲ್ಲಿ ಕಬ್ಬಿನ ಸೋಗೆಯ ಗುಡಿಸಲು ಹಾಕಿ, ಐದಾರು ತಿಂಗಳು ಸಂಸಾರ. ಮಾಘ ಫಾಲ್ಗುಣದಲ್ಲಿ ದ್ರಾಕ್ಷಿ ಕಟಾವು ಬಂದರೆ ಬೇದಾಣೆ, ಅಂದರೆ ಒಣದ್ರಾಕ್ಷಿ ಮಾಡುವ ಶೆಡ್ಡಿನ ಕೆಲಸ. ಔಷಧದ ನೀರಿನಲ್ಲಿ ಅದ್ದಿ ತೆಗೆದ ಗೊಂಚಲುಗಳನ್ನು ಒಂದರ ಮೇಲೊಂದು ಕಟ್ಟಿದ ಜಾಳಿಗೆಗಳ ಮೇಲೆ ಹರವುತ್ತಾರೆ. ಎರಡು ವಾರದ ಹೊತ್ತಿಗೆ ಹಸಿರು ಕಾಯಿ ಹೊಂಬಣ್ಣಕ್ಕೆ ತಿರುಗಿ ಸುಕ್ಕುಗಟ್ಟುತ್ತದೆ. ಕೆಳಗೆ ಕೂತ ಹೆಂಗಸರು ಕಡ್ಡಿ ಆರಿಸುತ್ತಾರೆ. ಅಂಗೈ ಅಂಟಂಟು, ಜೇನುನೊಣ ಸುತ್ತಲೂ. ನನ್ನ ಆ ವಿದ್ಯಾರ್ಥಿನಿಯ ತಾಯಿ ಇಂಥ ಶೆಡ್ಡಿನಲ್ಲೇ ಕೆಲಸ ಮಾಡಿ ಮಗಳ ನರ್ಸಿಂಗ್ ಕಾಲೇಜಿನ ಫೀ ತುಂಬಿದಳು. ಆಕೆಗೆ ಓದು ಬರುವುದಿಲ್ಲ.

ಆದ್ದರಿಂದ ಜರ್ಮನಿಯಿಂದ ಮಗಳು ಪತ್ರ ಬರೆಯಲಿಲ್ಲ, ಮೊಬೈಲಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸುತ್ತಿದ್ದಳು. ಹೋಗಿ ಎಂಟು ತಿಂಗಳಾದಾಗ ಇತ್ತ ತಂದೆ ಒಂದು ವರ ಗೊತ್ತು ಮಾಡಿ, ಬಂದು ಮದುವೆ ಮಾಡಿಕೊಂಡು ಹೋಗು ಎಂದು ಹೇಳಿ ಕಳಿಸಿದ. ನಾಲ್ಕು ದಿನ ಉತ್ತರವಿಲ್ಲ. ಐದನೆಯ ದಿನ ಒಂಬತ್ತು ನಿಮಿಷದ ರೆಕಾರ್ಡು ಬಂತು. ತಾಯಿ ಅದನ್ನು ಎತ್ತಿಕೊಂಡು ನನ್ನ ಮನೆಗೆ ಬಂದಳು. ಒಬ್ಬಳೇ ಕೇಳಲು ಧೈರ್ಯವಿರಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಕೂತು ಕೇಳಿದೆವು.

ಹುಡುಗಿ ಮೊದಲು ಹಿಮದ ಸುದ್ದಿ ಹೇಳಿದಳು. ರಾತ್ರಿ ಪಾಳಿಯಲ್ಲಿ ಒಬ್ಬ ಮುದುಕಿ ತನ್ನ ಕೈ ಬಿಡದೆ ಹಿಡಿದುಕೊಂಡು ಮಲಗುತ್ತಾಳೆ, ನಮ್ಮ ಆಯಿಯ ಕೈಯ ಹಾಗೇ ಒರಟು ಇದೆ ಅಂದಳು. ಆಮೇಲೆ ಸ್ವಲ್ಪ ಹೊತ್ತು ಬರೀ ಉಸಿರಿನ ಸಪ್ಪಳ. ಆಮೇಲೆ, ‘ಅಪ್ಪಾ, ನಿಮ್ಮ ಮುಂದ ನಾ ಒಮ್ಮೀನೂ ಎದುರು ಮಾತಾಡಿಲ್ಲ. ಹತ್ತನೇತ್ತಾ ಆದ ಮ್ಯಾಲೆ ನೀವು ನನ್ನ ಸಾಲಿ ಬಿಡಸ್ತೀನಿ ಅಂದಾಗ ಅವ್ವ ಮೂರ ದಿನ ಉಂಡಿಲ್ಲ, ನಿಮಗ ಗೊತ್ತೈತೋ ಇಲ್ಲೋ. ನನಗ ಅದು ಮರ್ತಿಲ್ಲ. ನೀವು ಕಬ್ಬಿನ ಟೋಳಿಗೆ ಹೋಗಿ ಬೆನ್ನ ಮುರ್ಕೊಂಡದ್ದೂ ಮರ್ತಿಲ್ಲ. ಈ ಮದಿವಿ ನಾ ಒಲ್ಲೆ. ನಾ ಒಲ್ಲೆ ಅಂದ್ರ ನಿಮ್ಮನ್ನ ಒಲ್ಲೆ ಅಂದಂಗಲ್ಲ’ ಎಂದು ಒಂದೇ ಉಸಿರಿಗೆ ಹೇಳಿದಳು. ಧ್ವನಿ ನಡುಗುತ್ತಿತ್ತು. ಆದರೆ ಒಂದು ಮಾತೂ ತಡವರಿಸಲಿಲ್ಲ.

ನನಗೆ ಆ ಕ್ಷಣ ಫಿಲಡೆಲ್ಫಿಯಾದ ಪತ್ರ ನೆನಪಾಯಿತು. ನೂರ ನಲವತ್ತು ವರ್ಷದ ಅಂತರ. ಅಲ್ಲಿ ಕಾಗದ, ಇಲ್ಲಿ ಮೊಬೈಲು. ಅದೇ ತಕ್ಕಡಿ. ‘ಬೆಳ್ಳಿಮೋಡ’ದ ಪ್ರತಿಯೊಂದನ್ನು ಈ ಹುಡುಗಿಗೆ ಹತ್ತನೆಯ ಇಯತ್ತೆಯಲ್ಲಿ ಬಹುಮಾನವಾಗಿ ಕೊಟ್ಟವಳು ನಾನೇ. ಆ ಒಲ್ಲೆ ಎಲ್ಲಿಂದ ಎಲ್ಲಿಗೆ ಹರಿದು ಬಂತು ಎಂದು ಯಾರು ಹೇಳಬಲ್ಲರು? ತಾಯಿ ಮೊಬೈಲನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ತಂದೆ ಅದನ್ನು ಮೂರು ಸಲ ಕೇಳಿದನಂತೆ. ಮೂರನೆಯ ಸಲ ಹೊರಗೆ ಹೋಗಿ, ಎತ್ತಿನ ಕೊಟ್ಟಿಗೆಯಲ್ಲಿ ಕೂತು ಕೇಳಿದನಂತೆ. ಮದುವೆಯ ಮಾತು ಅಲ್ಲಿಗೆ ನಿಂತಿತು.

ಪ್ರೇಮದ ಕಾದಂಬರಿಯ ಮಾಲೆಯೊಂದು ನಮ್ಮ ಕನ್ನಡದಲ್ಲಿ ಬರಬೇಕು, ಅದರ ಮೊದಲ ಅಧ್ಯಾಯ ಜತ್ತದ ಎಸ್.ಟಿ. ಸ್ಟ್ಯಾಂಡಿನಲ್ಲಿ ಆರಂಭವಾಗಬೇಕು ಎಂಬುದು ನನ್ನ ಬಹುದಿನದ ಆಸೆ. ಒಂದೇ ಪುಸ್ತಕ ಸಾಲದು. ಮೊದಲನೆಯದರಲ್ಲಿ ಅವಳು ಭಾಷೆ ಕಲಿಯಲಿ, ಒಂಟಿತನಕ್ಕೆ ಅಳಲಿ. ಎರಡನೆಯದರಲ್ಲಿ ಅವಳಿಗೆ ಒಬ್ಬನ ಮೇಲೆ ಮನಸ್ಸಾಗಲಿ. ಅವನು ಜರ್ಮನಿಯವನೋ, ಕೇರಳದವನೋ, ನಮ್ಮ ಸಂಖ ಊರಿನವನೋ, ಅದು ಬರೆಯುವವಳ ಇಷ್ಟ. ಪ್ರೀತಿ ಇರಬೇಕು, ಕೇಳುಗರೇ. ಪ್ರೀತಿಯಿಲ್ಲದ ಸ್ವಾತಂತ್ರ್ಯದ ಕಥೆಯನ್ನು ನಮ್ಮ ಹೆಂಗಸರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಮೂರನೆಯದರಲ್ಲಿ ಅವಳು ರಜೆಗೆ ಊರಿಗೆ ಬರಲಿ. ಬಂದಾಗ ಯಾರ ಕಣ್ಣಿಗೆ ಹೇಗೆ ಕಂಡಳು ಎಂಬುದೇ ಒಂದು ಪುಸ್ತಕಕ್ಕೆ ಸಾಕು. ಭಾಷೆ ನಮ್ಮದೇ ಇರಲಿ. ಪಕ್ಕದ ಶೇಡಬಾಳದ ಮಿರ್ಜಿ ಅಣ್ಣಾರಾಯರು 1945ರಲ್ಲೇ ‘ನಿಸರ್ಗ’ ಕಾದಂಬರಿಯಲ್ಲಿ ಈ ಸೀಮೆಯ ಆಡುಮಾತನ್ನು ಹಾಗೇ ಹಾಳೆಗಿಳಿಸಿ, ಅದರಲ್ಲಿ ಎಂಥ ಕಸುವಿದೆ ಎಂದು ತೋರಿಸಿದ್ದಾರೆ. ಮರಾಠಿ ಬೆರೆತರೆ ಬೆರೆಯಲಿ, ನಡುವೆ ಎರಡು ಜರ್ಮನ್ ಶಬ್ದ ಬಂದರೂ ಬರಲಿ. ಬಾಯಿ ಆಡಿದ್ದನ್ನು ಕೈ ಬರೆಯಲಿ.

ಹೋದ ಛಟ್ಟಿ ಅಮಾವಾಸ್ಯೆಯ ಹಿಂದಿನ ವಾರ ಆ ಹುಡುಗಿಗೆ ಇದನ್ನೇ ಹೇಳಿದೆ. ‘ನನಗ ಕಥಿ ಬರಿಯಾಕ ಎಲ್ಲಿ ಬರತೈತ್ರಿ ಬಾಯೋರ’ ಅಂದಳು. ಕನ್ನಡದಲ್ಲಿ ಬರೆದು ಎಷ್ಟೋ ವರ್ಷವಾಯಿತು, ಒತ್ತಕ್ಷರ ತಪ್ಪುತ್ತವೆ ಅಂದಳು. ತಪ್ಪಲಿ, ತಿದ್ದಲು ನಾನಿದ್ದೇನೆ, ನಿನ್ನ ಪಾಟಿ ತಿದ್ದಿದ ಕೈ ಇದು ಎಂದೆ. ಹದಿನೈದು ದಿನದ ಮೇಲೆ ಒಂದು ಹಾಳೆಯ ಫೋಟೋ ಬಂತು. ಆಸ್ಪತ್ರೆಯ ಹೆಸರು ಅಚ್ಚಾದ ಕಾಗದದ ಹಿಂಬದಿ, ನೀಲಿ ಪೆನ್ನು, ಗೆರೆಯಿಲ್ಲದ ಹಾಳೆಯಲ್ಲಿ ಏರುತ್ತ ಹೋದ ಸಾಲುಗಳು. ಒಬ್ಬ ತಾಯಿ ಮಗಳ ಕೈಯಲ್ಲಿ ಬೇದಾಣೆಯ ಪೊಟ್ಟಣ ಇಡುತ್ತಾಳೆ, ಮಗಳು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುತ್ತಾಳೆ. ಅಲ್ಲಿಗೆ ಹಾಳೆ ಮುಗಿಯುತ್ತದೆ. ಮೇಲೆ ತಲೆಬರಹದ ಜಾಗ ಖಾಲಿ. ಅದರ ಕೆಳಗೆ ತನ್ನ ಹೆಸರು ಬರೆದಿದ್ದಾಳೆ. ತಂದೆಯ ಹೆಸರಿಲ್ಲ, ಅಡ್ಡಹೆಸರಿಲ್ಲ, ಪಾಟಿಯ ಮೇಲೆ ನಾನು ಮೊದಲ ದಿನ ಬರೆಯಿಸಿದ ಮೂರಕ್ಷರ ಅಷ್ಟೆ.

ಏಳು ಒತ್ತಕ್ಷರ ತಪ್ಪಿದ್ದವು. ಕೆಂಪು ಪೆನ್ನಿನಿಂದ ತಿದ್ದಿ, ಫೋಟೋ ತೆಗೆದು ಮರಳಿ ಕಳಿಸಿದ್ದೇನೆ. ಎರಡನೆಯ ಹಾಳೆಗೆ ಕಾಯುತ್ತಿದ್ದೇನೆ.